ನಾಲ್ಕು ಎಮ್ಮೆಗಳ ಕಾದಂಬರಿಗೆ ಹನ್ನೊಂದು ವರ್ಷ

ಹೋದ ತಿಂಗಳು ನಮ್ಮ ಓಣಿಯ ವಾಚನಾಲಯದಲ್ಲಿ ಒಬ್ಬರು ಭಾಷಣ ಮಾಡಿದರು. ಅವರ ಹೆಸರು ಬೇಡ. ಮುಂದೆ ಕುಳಿತವರಲ್ಲಿ ವಕೀಲರ ಕಚೇರಿಗೆ ಹೊಸದಾಗಿ ಕಾರಕೂನನಾಗಿ ಸೇರಿದ ಒಬ್ಬ ತರುಣ ಎದ್ದು ನಿಂತು, "ದಿನಾ ಹತ್ತ ತಾಸ ಮಂದೀದು ಬರಿತೀನ್ರಿ. ನನ್ನ ಕಾದಂಬರಿ ಬರಿಯಾಕ ವೇಳೆ ಎಲ್ಲಿಂದ ತರ್ಲಿ?" ಎಂದು ಕೇಳಿದ. ಭಾಷಣಕಾರರು ಹೆಗಲ ಶಾಲು ಸರಿಪಡಿಸಿಕೊಂಡು, ನಿಜವಾದ ತಳಮಳ ಇದ್ದವನಿಗೆ ವೇಳೆ ತಾನಾಗಿ ಒದಗಿ ಬರುತ್ತದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಮನೆಗೆ ಬಂದು ಎರಡು ಸಲ ಚಹಾ ಕುಡಿದರೂ ಸಿಟ್ಟು ಇಳಿಯಲಿಲ್ಲ. ಆ ತರುಣನಿಗೆ ಯಾರಾದರೂ ನಿಜ ಹೇಳಬೇಕಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ನಲವತ್ತು ವರ್ಷ ಕಾರಕೂನಿಕೆ ಮಾಡಿದವನು. ಮೊದಲು ಅಕ್ಕಲಕೋಟೆಯಲ್ಲಿ, ಆಮೇಲೆ ಸೋಲಾಪುರದಲ್ಲಿ. ಕಾಗದಪತ್ರದ ನಕಲು ತೆಗೆಯುವುದು ನನ್ನ ಕಸುಬು. ಆ ಕಸುಬಿನ ನಡುವೆ ಒಂದು ಕಾದಂಬರಿ ಬರೆದೆ. ಒಂದೇ ಒಂದು. ಹನ್ನೊಂದು ವರ್ಷ ಹಿಡಿಯಿತು. ತಳಮಳ ಮೊದಲ ದಿನದಿಂದಲೂ ಇತ್ತು. ವೇಳೆ ಮಾತ್ರ ಒದಗಿ ಬರಲಿಲ್ಲ.

ನಮ್ಮ ಊರು ಚಪಳಗಾಂವ. ನಮ್ಮದು ಒಕ್ಕಲುತನದ ಮನೆ. ನನಗೆ ಕನ್ನಡ ಕಲಿಸಿದವಳು ನಮ್ಮ ದೊಡ್ಡವ್ವ ನೀಲವ್ವ, ನಮ್ಮಪ್ಪನ ಅಣ್ಣನ ಹೆಂಡತಿ. ಅವಳಿಗೆ ಒಂದಕ್ಷರ ಬಾರದು. ಶೇಂಗಾ ಸುಲಿಯುತ್ತ, ಕೌದಿ ಹೊಲಿಯುತ್ತ ಅವಳು ಮಾತಾಡುವುದನ್ನು ಕೇಳಿಯೇ ನಾನು ಮಾತು ಕಲಿತೆ. ಸಾಲೆಯಲ್ಲಿ ಕಲಿತದ್ದೆಲ್ಲ ಮರಾಠಿ. ಕನ್ನಡ ಅಕ್ಷರ ಬಾರದೆಂದಲ್ಲ. ಮಠದ ಅಯ್ಯನವರು ಮರಳಿನ ಮೇಲೆ ತಿದ್ದಿಸಿದ್ದರು. ಆದರೆ ಕನ್ನಡ ಬರೆಯಲು ಕುಳಿತರೆ ನನ್ನ ಕೈ ಕುಂಟುತ್ತಿತ್ತು.

ದೊಡ್ಡವ್ವ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಅವಳ ಪಾಲಿನ ಹೊಲದ ಮೇಲೆ ಕಣ್ಣಿಟ್ಟವನು ನಮ್ಮಪ್ಪನ ತಮ್ಮ ಬಸಲಿಂಗ ಕಾಕಾ. ಹೆಣ್ಣುಮಗಳು ಕೂರಿಗೆ ಹಿಡಿಯಬಾರದು, ಹೊಲ ನನಗೆ ಬಿಡಲಿ ಎಂದು ಅವನ ವಾದ. ದೊಡ್ಡವ್ವ ವಾದ ಮಾಡಲಿಲ್ಲ. ತಾನೇ ಕೂರಿಗೆ ಹಿಡಿದು ಜೋಳ ಬಿತ್ತಿದಳು. ಬೆಳೆ ಎದೆಯೆತ್ತರ ಬಂದಾಗ ಒಂದು ಮಧ್ಯಾಹ್ನ ಕಾಕಾನ ನಾಲ್ಕು ಎಮ್ಮೆಗಳು ಅದರೊಳಗೆ ನುಗ್ಗಿದವು. ದೊಡ್ಡವ್ವ ನಾಲ್ಕನ್ನೂ ಹೊಡೆದುಕೊಂಡು ಬಂದು ತನ್ನ ಅಂಗಳದಲ್ಲಿ ಕಟ್ಟಿ, ಎಂಟು ದಿನ ಹಾಲು ಹಿಂಡಿಕೊಂಡು, ಒಂಬತ್ತನೆಯ ದಿನ ಬಿಟ್ಟಳು. ಎಮ್ಮೆಗಳು ತಾವಾಗಿ ಕೊರಳ ಕಣ್ಣಿ ಹರಿದುಕೊಂಡು ಹೋಗಿದ್ದವು, ಇವಳು ಕದ್ದಳು ಎಂದು ಕಾಕಾ ಊರೆಲ್ಲ ಸಾರಿದ. ಬಿಟ್ಟವನು ಅವನೇ ಎಂದು ದೊಡ್ಡವ್ವ ಹೇಳಿದರೂ ಊರು ಅವನ ಮಾತನ್ನೇ ನಂಬಿತು. ಹೊಲ ಅವಳಿಗೇ ಉಳಿಯಿತು, ಆದರೆ 'ಎಮ್ಮಿ ಕದ್ದಾಕಿ' ಎಂಬ ಹೆಸರೂ ಅವಳಿಗೇ ಉಳಿಯಿತು. ಇದು ನಾನು ಹುಟ್ಟುವ ಮೊದಲಿನ ಮಾತು. ನಾನು ಬುದ್ಧಿ ತಿಳಿದು ಕೇಳುವ ಹೊತ್ತಿಗೂ ಬಾವಿಗೆ ಹೋದರೆ ಹೆಂಗಸರು, "ನೀಲವ್ವ ಬಂದ್ಲು, ನಿಮ್ಮ ನಿಮ್ಮ ಎಮ್ಮಿ ನೋಡ್ಕೋರಿ" ಎಂದು ನಗುತ್ತಿದ್ದರು.

ನನಗೆ ಇಪ್ಪತ್ತು ವರ್ಷವಾದಾಗ ಒಂದು ದಿನ ಅವಳಿಗೆ, ನಿನ್ನ ಕತೆಯನ್ನು ಪುಸ್ತಕ ಮಾಡುತ್ತೇನೆ ಎಂದೆ.

"ಮಾಡು," ಎಂದಳು. "ಮಾಡಿ ನಮ್ಮ ಕಟ್ಟಿ ಮ್ಯಾಲ ಕುಂತು ಓದು. ಊರ ಕೇಳಬೇಕು. ನಾ ಸಾಯೂದ್ರಾಗ ಮಾಡು, ಸತ್ತ ಮ್ಯಾಲ ಓದಿದ್ರ ಯಾರ ಹೂಂ ಅನ್ನವ್ರು?"

ಅದು ನನ್ನ ಗಡುವು. ಬರೆಯುವ ಹುಮ್ಮಸ್ಸು ಎಲ್ಲಿಂದ ಬರುತ್ತದೆ ಎಂದು ಈಗಿನವರು ಕೇಳುತ್ತಾರೆ. ನನಗೆ ಅದು ಬಾವಿಯ ಹತ್ತಿರ ನಗುವ ಹೆಂಗಸರಿಂದ ಬಂತು.

ಕಸುಬು ಕಲಿತದ್ದು ಅಕ್ಕಲಕೋಟೆಯಲ್ಲಿ ಗುಂಡಪ್ಪ ಮಾಸ್ತರರ ಹತ್ತಿರ. ಪೇಟೆಯ ಒಂದು ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಖರೀದಿ ಪತ್ರ, ಆಸ್ತಿ ಪಾಲಿನ ವಾಟಣಿ ಪತ್ರ ಬರೆಯುವವರು ಅವರು. ಎಲ್ಲವೂ ಮರಾಠಿ, ಎಲ್ಲವೂ ಮೋಡಿ ಲಿಪಿ. ಈಗಿನ ಹುಡುಗರು ಮೋಡಿಯನ್ನು ನೋಡಿಯೇ ಇಲ್ಲ. ಮೇಲೊಂದು ಗೆರೆ ಎಳೆದು, ಅದರ ಕೆಳಗೆ ಬೋರಿನ ಲೇಖನಿ ಎತ್ತದೆ ಒಂದೇ ಓಟದಲ್ಲಿ ಸಾಲು ಮುಗಿಸುವ ಅಕ್ಷರ ಅದು. ಮಾಸ್ತರರು ನನ್ನ ಮುಂಗೈ ಮೇಲೆ ಒಂದು ತಾಂಬೂಲದ ಎಲೆ ಇಟ್ಟು ಬರೆಸುತ್ತಿದ್ದರು. ಎಲೆ ಬಿದ್ದರೆ ಕೈ ಎತ್ತಿದೆ ಎಂದು ಅರ್ಥ. "ಮತ್ತ ಬಿತ್ತೇನೋ?" ಎನ್ನುವರು, "ಬಿದ್ದದ್ದು ನನಗ ಕೊಡು, ಹೊಸಾದು ನೀ ತಗೋ," ಎಂದು ಬಿದ್ದ ಎಲೆಯನ್ನು ಬಾಯಿಗೆ ಹಾಕಿಕೊಳ್ಳುವರು. ಒಂದು ವರ್ಷದಲ್ಲಿ ನನ್ನ ಕೈಗೆ ಮೋಡಿ ಎಷ್ಟು ಹತ್ತಿತೆಂದರೆ, ಮಾತಾಡುವಷ್ಟೇ ವೇಗದಲ್ಲಿ ಬರೆಯುತ್ತಿದ್ದೆ.

ಇಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು. ಕಾದಂಬರಿಯನ್ನೂ ಮೋಡಿಯಲ್ಲೇ ಬರೆಯತೊಡಗಿದೆ. ಭಾಷೆ ದೊಡ್ಡವ್ವನ ಕನ್ನಡ, ಅಕ್ಷರ ಮೋಡಿ. ಅದಕ್ಕೆ ಕಾರಣಗಳಿದ್ದವು. ದೊಡ್ಡವ್ವನ ಮಾತಿನ ಓಟಕ್ಕೆ ನನ್ನ ಕುಂಟು ಕನ್ನಡ ಅಕ್ಷರ ಸಾಲದು. ಎರಡನೆಯದು, ಹಾದು ಹೋಗುವವರು ಇಣುಕಿದರೆ ಕಾಗದಪತ್ರದ ನಕಲು ನಡೆದಿದೆ ಎಂದುಕೊಳ್ಳುತ್ತಿದ್ದರು. ಕದ್ದ ವೇಳೆಗೆ ಅದಕ್ಕಿಂತ ಒಳ್ಳೆಯ ಮರೆ ಸಿಗದು. ಆದರೆ ಮೋಡಿ ಓದುವ ಮರಾಠಿಗನಿಗೆ ಅದರ ಕನ್ನಡ ತಿಳಿಯದು, ಕನ್ನಡ ಓದುವವನಿಗೆ ಮೋಡಿ ಬಾರದು. ಈ ಪುಸ್ತಕವನ್ನು ಓದಬಲ್ಲವರು ಬೆರಳೆಣಿಕೆಯಷ್ಟು ಎಂಬುದು ನನಗೆ ಎಷ್ಟೋ ವರ್ಷ ಹೊಳೆಯಲೇ ಇಲ್ಲ. ಬರೆಯುವ ವೇಳೆ ಹೊಂಚುವುದರಲ್ಲೇ ಬುದ್ಧಿಯೆಲ್ಲ ಖರ್ಚಾದರೆ ಹೀಗಾಗುತ್ತದೆ.

ಮುಂದೆ ಸೋಲಾಪುರದಲ್ಲಿ ಒಬ್ಬ ವಕೀಲರ ಹತ್ತಿರ ಸೇರಿದೆ. ತಾತ್ಯಾಸಾಹೇಬ ಎಂದು ಕರೆಯುತ್ತೇನೆ, ನಿಜವಾದ ಹೆಸರು ಅದಲ್ಲ. ಮರಾಠಿಯವರು, ಆದರೆ ಅಕ್ಕಲಕೋಟೆ ಕಡೆಯ ಕಕ್ಷಿದಾರರ ಸಲುವಾಗಿ ಕನ್ನಡ ಕಲಿತಿದ್ದರು. ವಿಜಾಪುರ ರಸ್ತೆಯ ಕಡೆ ಎರಡು ಖೋಲಿಯ ಮನೆ ಹಿಡಿದೆ. ಕೋರ್ಟಿನ ಪಡಸಾಲೆಯಲ್ಲಿ ಖಟ್ಲೆಯ ಕರೆ ಬರುವವರೆಗೆ ಕಾಯಬೇಕು. ಆ ಕಾಯುವಿಕೆಯೇ ನನ್ನ ಬರೆಯುವ ಹೊತ್ತು. ಉಳಿದ ಕಾರಕೂನರು ಬೀಡಿ ಸೇದುತ್ತ ಹರಟೆ ಹೊಡೆಯುವಾಗ ನಾನು ಬೇವಿನ ಮರದ ಕೆಳಗೆ ಮೊಣಕಾಲ ಮೇಲೆ ವಹಿ ಇಟ್ಟುಕೊಂಡು ಎಮ್ಮೆಗಳನ್ನು ಜೋಳದ ಹೊಲಕ್ಕೆ ಹೊಡೆಯುತ್ತಿದ್ದೆ. ಎರಡು ಸಾಲು ಬರೆಯುವಷ್ಟರಲ್ಲಿ ಕರೆ ಬಂದರೆ ಎರಡೇ ಸಾಲು. ಹೀಗೆ ಬರೆದವನಿಗೆ ಗೊತ್ತು, ಮೂರನೆಯ ಸಾಲು ಮರುದಿನ ನೆನಪಿಗೆ ಬರುವುದಿಲ್ಲ, ಬಂದರೆ ಮುಖ ಬೇರೆಯಾಗಿರುತ್ತದೆ.

ಒಂದು ದಿನ ಕೆಲಸಕ್ಕೇ ಕುತ್ತು ಬಂತು. ಒಂದು ಹೊಲದ ಪತ್ರದ ನಕಲು ತೆಗೆಯುತ್ತಿದ್ದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥ ಹಳ್ಳ, ದಕ್ಷಿಣಕ್ಕೆ ಎಂದು ಬರೆದವನು ಮನಸ್ಸಿನಲ್ಲಿ ಆಡುತ್ತಿದ್ದ ವಾಕ್ಯವನ್ನೇ ಕೆಳಗಿಳಿಸಿಬಿಟ್ಟಿದ್ದೆ. 'ಎಮ್ಮಿ ನಾಕೂ ಹೊಟ್ಟಿ ತುಂಬ ಮೇದು ನಿಂತಿದ್ದವು' ಎಂದು. ತಾತ್ಯಾಸಾಹೇಬರು ಅದನ್ನು ನ್ಯಾಯಾಧೀಶರ ಮುಂದೆ ಗಟ್ಟಿಯಾಗಿ ಓದುತ್ತ ಹೋದವರು ಎಮ್ಮೆಗಳ ಮೇಲೆ ಕಾಲಿಟ್ಟೇ ನಿಂತರು. ಕೋರ್ಟು ನಕ್ಕಿತು. ದಕ್ಷಿಣಕ್ಕೆ ದನ ಮೇಯಿಸುವ ಬಯಲು ಇದೆ ಎಂದು ಅವರು ಅಲ್ಲೇ ಹೊಂದಿಸಿ ಹೇಳಿ ಪಾರಾದರು.

ಹೊರಗೆ ಬಂದು ನನ್ನನ್ನು ಕರೆದರು. ಕೆಲಸ ಹೋಯಿತು ಎಂದುಕೊಂಡು ನಿಂತೆ. ಇದ್ದದ್ದನ್ನು ಹೇಳಿದೆ.

"ಕಾದಂಬರಿ ಬರಿತೀಯಾ? ಅರೇ ವಾ. ನನ್ನ ಹತ್ರ ಲೇಖಕ ಅದಾನ, ನನಗೇ ಠಾವುಕ ಇಲ್ಲ, ಗೊತ್ತೇ ಇಲ್ಲ," ಎಂದರು.

ಅವತ್ತು ಅವರು ನನ್ನನ್ನು ಬೈದು ಹೊರಗೆ ಹಾಕಿದ್ದರೆ ಇಂದಿಗೂ ಅವರ ಉಪಕಾರ ನೆನೆಯುತ್ತಿದ್ದೆ. ಅವರು ನನ್ನನ್ನು ಮೆಚ್ಚಿದರು. ಮೆಚ್ಚಿ, ತಮ್ಮ ಮನೆತನದ ಇತಿಹಾಸವನ್ನು ಮರಾಠಿಯಲ್ಲಿ ಬರೆಯುವ ಕೆಲಸ ಕೊಟ್ಟರು. ಅವರ ಅಜ್ಜ ಯಾವುದೋ ಕಾಲದಲ್ಲಿ ಕುದುರೆಯ ಮೇಲೆ ಸೀನಾ ನದಿ ದಾಟಿ ಏನೋ ಪರಾಕ್ರಮ ಮಾಡಿದ್ದರಂತೆ. ರವಿವಾರ ಬೆಳಿಗ್ಗೆ ಅವರ ಮನೆಗೆ ಹೋಗಬೇಕು, ಕೋರ್ಟಿನ ಸೂಟಿಯಲ್ಲಿ ಹೋಗಬೇಕು. ಅವರು ತೂಗುಮಂಚದ ಮೇಲೆ ಕುಳಿತು ಹೇಳುವುದು, ನಾನು ಬರೆಯುವುದು. ಹೋದ ವಾರ ಬಿಳಿಯಾಗಿದ್ದ ಕುದುರೆ ಈ ವಾರ ಕೆಂಪಾಗುತ್ತಿತ್ತು. ಹಿಂದಿನದನ್ನೆಲ್ಲ ಮತ್ತೆ ತಿದ್ದಬೇಕು. ಹೀಗೆ ಮೂರು ವರ್ಷ.

ಸುದ್ದಿ ಓಣಿಗೂ ಹಬ್ಬಿತು. ಇವನು ಬರೆಯುವವನಂತೆ ಎಂದು ಗೊತ್ತಾದ ಮೇಲೆ ನನ್ನ ಹೊಸ್ತಿಲು ಸವೆಯಿತು. ಲಗ್ನಪತ್ರಿಕೆ, ಬೀಗರಿಗೆ ಸಿಟ್ಟಿನ ಪತ್ರ, ನಿವೃತ್ತ ಮಾಸ್ತರರಿಗೆ ಮಾನಪತ್ರ, ತೀರಿಕೊಂಡವರ ಗುಣಗಾನ. ಅರಿವೆ ಅಂಗಡಿಯ ಒಬ್ಬ ಸಾಹುಕಾರರು ತಮ್ಮ ಆಕಳು ಸತ್ತಾಗ ನಾಲ್ಕು ಸಾಲು ಬರೆದು ಕೊಡು ಎಂದು ಬಂದರು.

"ನನಗ ಈಗ ವೇಳೆ ಇಲ್ರಿ," ಎಂದೆ.

"ವೇಳೆ ಯಾಕ ಬೇಕೋ ಇದಕ? ಕುಂತು ಬರಿಯೂದು. ನೀ ಏನ ಕಲ್ಲ ಒಡಿಯಾಕ ಹೊಂಟೀ?" ಎಂದರು.

ಮನೆಯಲ್ಲಿ ಹೆಂಡತಿಯೂ, "ಊರವ್ರದೆಲ್ಲಾ ಬರಿತೀರಿ, ನಮ್ಮ ಅವ್ವಗ ಒಂದು ಕಾರ್ಡ ಬರಿಯಾಕ ಕೈ ಬರೂದಿಲ್ಲ," ಎಂದು ಮುಖ ತಿರುಗಿಸಿದಳು. ಅವಳ ಮಾತು ನಿಜವಾಗಿತ್ತು, ಅದಕ್ಕೇ ಹೆಚ್ಚು ಚುಚ್ಚಿತು.

ನಡುವೆ ಕಚೇರಿಗೆ ಟೈಪಿನ ಯಂತ್ರ ಬಂತು. ವೇಳೆ ಉಳಿಯುತ್ತದೆ ಎಂದು ಎಲ್ಲರೂ ಕುಣಿದರು. ಉಳಿದ ವೇಳೆಗೆ ತಾತ್ಯಾಸಾಹೇಬರು ಇಮ್ಮಡಿ ಖಟ್ಲೆ ಹಿಡಿದರು. ಯಂತ್ರದಿಂದ ಒಬ್ಬ ಕಾರಕೂನನ ಅರ್ಧ ತಾಸು ಉಳಿದಿದ್ದನ್ನು ನಾನು ಕಣ್ಣಾರೆ ಕಾಣೆ. ಮೋಡಿಯ ಕೆಲಸ ಕಡಿಮೆಯಾಗುತ್ತ ಬಂತು. ನನ್ನ ಕೈಯ ವಿದ್ಯೆ ನನ್ನ ಕಣ್ಣ ಮುಂದೆಯೇ ಹಳತಾಗುತ್ತಿತ್ತು.

ಇಷ್ಟರಲ್ಲಿ ಊರಿಗೆ ಹೋಗದೆ ವರ್ಷವಾಗಿತ್ತು. ಎಮ್ಮೆಯ ಅಧ್ಯಾಯ ಇದ್ದ ವಹಿಯನ್ನು ಗಾಡಿಯವರ ಕೈಯಲ್ಲಿ ದೊಡ್ಡವ್ವನಿಗೆ ಕಳಿಸಿದೆ. ನಾನು ಬಂದು ಓದುವವರೆಗೆ ಇಟ್ಟುಕೊ, ಕೆಲಸ ನಡೆದಿದೆ ಎಂಬ ಭರವಸೆಗೆ ಎಂದು ಹೇಳಿಕಳಿಸಿದ್ದೆ. ತಿಂಗಳೊಳಗೆ ದೊಡ್ಡವ್ವ ತಾನೇ ಸೋಲಾಪುರಕ್ಕೆ ಬಂದು ನನ್ನ ಬಾಗಿಲಲ್ಲಿ ನಿಂತಳು. ಒಂದು ಕೈಯಲ್ಲಿ ಶೇಂಗಾದ ಗಂಟು, ಇನ್ನೊಂದರಲ್ಲಿ ವಹಿ.

"ಓದಿಸಿದ್ನೆಪಾ," ಎಂದಳು, ಕೂಡುವ ಮೊದಲೇ.

"ಯಾರ ಕಡೆ ಓದಿಸಿದಿ? ಅದು ಮೋಡಿ ಅದ."

"ನಮ್ಮ ಓಣ್ಯಾಗ ಮೋಡಿ ಬಲ್ಲಾಂವ ಒಬ್ಬನ ಅದಾನಲ್ಲ. ನಿಮ್ಮ ಕಾಕಾ."

ಬಸಲಿಂಗ ಕಾಕಾ ಹರೆಯದಲ್ಲಿ ಸೋಲಾಪುರದ ಪೇಟೆಯಲ್ಲಿ ದುಡಿದವನು. ಮೋಡಿಯೂ ಬಲ್ಲ, ಮನೆಮಾತು ಕನ್ನಡವೂ ಬಲ್ಲ. ಊರಿನಲ್ಲಿ ನನ್ನ ಕಾದಂಬರಿಯನ್ನು ಓದಬಲ್ಲ ಮನುಷ್ಯ ಅವನೊಬ್ಬನೇ, ಮತ್ತು ಕಾದಂಬರಿ ಇದ್ದದ್ದು ಅವನ ಮೇಲೆಯೇ.

"ಏನಂತ ಓದಿದಾ?"

"ಛಂದ ಓದಿದಾ. ಎಮ್ಮಿ ಕಣ್ಣಿ ಹರ್ಕೊಂಡು ಹ್ವಾದ್ವಂತ. ಪಾಪ ಮೈದುನ ಓಡಿ ಬಂದು ಕೈ ಮುಗದನಂತ. ನಾ ಬದುವಿನ ಮ್ಯಾಲ ಕುಂತು ಅಳಾಕತ್ತಿದ್ನೆಂತ. ಅಲ್ಲೇ ಗೊತ್ತಾತು ನನಗ, ಇದು ನೀ ಬರ್ದದ್ದಲ್ಲ ಶಿವ್ಯಾ, ಈ ಮುದುಕನ ಬಾಯಾಗ ಹುಟ್ಟಿದ್ದು ಅಂತ. ಎಂಟು ದಿನ ನಾಕ ಎಮ್ಮಿ ಹಿಂಡೀನಿ, ಮೇವ ಹಾಕೀನಿ, ಸಗಣಿ ಬಳದೀನಿ. ಅಳಾಕ ಪುರಸತ್ತ ಎಲ್ಲಿತ್ತು ನನಗ?"

ಅವಳು ನಗುತ್ತಲೇ ಹೇಳಿದಳು. ಆಮೇಲೆ ನಗು ನಿಲ್ಲಿಸಿದಳು. "ಓಣಿ ಮಂದಿ ಕುಂತು ಕೇಳಿದ್ರು. ಈಗ ಪುಸ್ತಕದಾಗೂ ಹಂಗ ಅದ ಅಂತಾರ. ಮೊದಲ ಒಬ್ಬಾಂವ ಹೇಳತಿದ್ದಾ. ಈಗ ನಿನ್ನ ಪುಸ್ತಕಾನೂ ಹೇಳತೈತಿ."

ಇಷ್ಟು ವರ್ಷ ನಾನು ಬರೆದದ್ದು ಅವಳ ಮೇಲಿನ ಸುಳ್ಳಿಗೆ ಸಾಕ್ಷಿಯಾಗಿ ನಿಂತಿತ್ತು. ನನಗೆ ಬಂದ ಸಿಟ್ಟು ಕಾಕಾನ ಮೇಲೆ ಮಾತ್ರ ಅಲ್ಲ. ಬಿಳಿ ಕುದುರೆ, ಕೆಂಪು ಕುದುರೆ, ಸಾಹುಕಾರರ ಆಕಳು, ಎಲ್ಲದರ ಮೇಲೆ, ಎಲ್ಲರಿಗೂ ಹೂಂ ಎಂದ ನನ್ನ ಮೇಲೆ. ಎರಡು ವಾರದೊಳಗೆ ಬರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ. ಉಳಿದಿದ್ದ ಎರಡು ಅಧ್ಯಾಯಗಳನ್ನು ಆ ಎರಡು ವಾರದಲ್ಲಿ ಮುಗಿಸಿದೆ. ಬಾಗಿಲಿಗೆ ಬಂದವರಿಗೆಲ್ಲ ಹೆಂಡತಿಯೇ, "ಮನ್ಯಾಗಿಲ್ರಿ" ಎಂದು ಹೇಳಿ ಕಳಿಸಿದಳು. ದೊಡ್ಡವ್ವನ ಮಾತನ್ನು ಅವಳೂ ಕೇಳಿಸಿಕೊಂಡಿದ್ದಳು.

ತಾತ್ಯಾಸಾಹೇಬರಿಗೆ ನಾಲ್ಕು ದಿನದ ರಜೆ ಕೇಳಿದೆ.

"ಈಗ ಹ್ಯಾಂಗ ಹೋಗತೀ ಬಾಳಾ? ಅಜ್ಜಾರ ಪುಣ್ಯತಿಥಿ ಹತ್ರ ಬಂತು. ಪುಸ್ತಕ ತಯಾರ ಆಗಬೇಕು. ನಿನ್ನ ಆ ಹಳ್ಳಿ ಹೆಂಗಸಿನ ಕಥಿ ಎಲ್ಲಿ ಓಡಿ ಹೋಗತದ?"

"ಆಕೀಗೆ ವಯಸ್ಸಾಗ್ಯದ್ರಿ ಸಾಹೇಬ. ನಿಮ್ಮ ಅಜ್ಜಾರು ತೀರಿಕೊಂಡು ಭಾಳ ವರ್ಷ ಆತು. ಅವರಿಗೆ ಗಡಿಬಿಡಿ ಇಲ್ಲ."

ಅಷ್ಟು ಹೇಳಿ ವಹಿ ಮುಚ್ಚಿಟ್ಟು ಎದ್ದು ಬಂದೆ. ಅವರ ಅಜ್ಜ ಆಗ ಸೀನಾ ನದಿಯ ನಡುನೀರಿನಲ್ಲಿ ಕುದುರೆಯ ಮೇಲೆ ಇದ್ದರು. ನಾನು ಮತ್ತೆ ಆ ಮನೆಗೆ ಹೋಗಲಿಲ್ಲ. ಯಾರೂ ದಡ ಸೇರಿಸಿರದಿದ್ದರೆ ಇನ್ನೂ ಅಲ್ಲೇ ಇದ್ದಾರು.

ಚಪಳಗಾಂವಕ್ಕೆ ಹೋದರೆ ದೊಡ್ಡವ್ವ ಕಟ್ಟೆಯ ಮೇಲೆ ಕೌದಿ ಹಾಸಿ ಕುಳಿತಿದ್ದಳು. "ನೆಗಡಿ ಬಂದು ಕಿವಿ ಮುಚ್ಚ್ಯಾವೋ ಶಿವ್ಯಾ," ಎಂದಳು. "ಒಂದೂ ಕೇಳವಲ್ಲದು. ಜೋರ ಓದಬೇಕ ನೋಡು."

ಹನ್ನೊಂದು ವರ್ಷ ತಡಮಾಡಿ ಬಂದೆ, ಕೇಳುವ ಕಿವಿಯೇ ಹೋಯಿತಲ್ಲ ಎಂದುಕೊಂಡೆ. ಇದ್ದ ಬಲವೆಲ್ಲ ಹಾಕಿ ಕೂಗಿ ಓದತೊಡಗಿದೆ. ಸ್ವಲ್ಪ ತಗ್ಗಿಸಿದರೆ ಅವಳು ಕಿವಿಗೆ ಕೈ ಹಚ್ಚಿ, "ಆಂ?" ಎನ್ನುವಳು. ಮೂರು ಮಧ್ಯಾಹ್ನ ಓದಿದೆ. ಮೊದಲ ದಿನ ಓಣಿಯ ನಾಲ್ಕಾರು ಜನ ಬಂದರು. ಎದುರು ಮನೆಯ ಬಸಲಿಂಗ ಕಾಕಾ ಬಾಗಿಲು ಹಾಕಿಕೊಂಡ. ಎರಡನೆಯ ದಿನ ಬಾವಿಯ ಹೆಂಗಸರೂ ಕೊಡ ಇಳಿಸಿ ನಿಂತರು. ಕಾಕಾನ ಬಾಗಿಲು ಒಂದು ಗೇಣು ತೆರೆಯಿತು. ಮೂರನೆಯ ದಿನ ಎಮ್ಮೆಯ ಅಧ್ಯಾಯ. ಕಾಕಾ ತನ್ನ ಎಮ್ಮೆಗಳ ಕಣ್ಣಿ ತಾನೇ ಬಿಚ್ಚಿ ಹೊಲದ ಕಡೆ ತಿರುಗಿಸುವ ಕಡೆಗೆ ಬಂದಾಗ ಅವನು ಹೊರಗೆ ಬಂದು ತನ್ನ ಕಟ್ಟೆಯ ಮೇಲೆ ಕೋಲೂರಿ ನಿಂತಿದ್ದ. ನಾನು ನಿಲ್ಲಿಸಲಿಲ್ಲ. ನಾಲ್ಕೂ ಎಮ್ಮೆಯ ಕಣ್ಣಿ ಬಿಚ್ಚಿದ ಎಂದು ಓದಿದೆ.

"ಸುಳ್ಳ," ಎಂದ ಕಾಕಾ. "ಅವತ್ತೂ ಇದನ್ನ ಓದಿದೆ, ಅವತ್ತೂ ಮೈ ಉರೀತು. ನಾಕ ಅಂತ ಬರ್ದಾನ, ಹಸೀ ಸುಳ್ಳ. ನಾ ಬಿಟ್ಟದ್ದು ಮೂರ. ನಾಕನೇದು ಅವುಗಳ ಬೆನ್ನ ಹತ್ತಿ ಹೋಗಿತ್ತು."

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ತಿಳಿಯಿತು. ಬಾವಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಕಾ ಕೋಲು ತಿರುಗಿಸಿಕೊಂಡು ಒಳಗೆ ಹೋದ.

ದೊಡ್ಡವ್ವ ಕಿವಿಗೆ ಹಚ್ಚಿದ್ದ ಕೈ ತೆಗೆದಳು. "ತಿದ್ದಿಕೋ ಶಿವ್ಯಾ," ಎಂದಳು. "ಮೂರ."

ನಾನು ತಿದ್ದಿಕೊಂಡೆ. ಕೂಗಿ ಕೂಗಿ ನನ್ನ ಗಂಟಲು ಹರಿದು ಹೋಗಿತ್ತು. ಒಂದಿಷ್ಟು ನೀರಿದ್ದರೆ ಎಂದು ನನ್ನೊಳಗೇ ಅಂದುಕೊಂಡಂತೆ ಗೊಣಗಿದೆ. ಪಕ್ಕದಲ್ಲಿ ಕುಳಿತವನಿಗೂ ಕೇಳುವಂತಿರಲಿಲ್ಲ. ದೊಡ್ಡವ್ವ ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದಳು.

ಕಿವಿ ಮುಚ್ಚಿದ್ದವಲ್ಲ ಎಂದು ನಾನು ಅವಳ ಮುಖ ನೋಡಿದೆ. ಅವಳು ಕೌದಿ ಮಡಿಚುತ್ತಿದ್ದಳು.

ಅವಳು ಆಮೇಲೆ ಐದಾರು ವರ್ಷ ಬದುಕಿದಳು. ಬಾವಿಯ ಹತ್ತಿರ ಎಮ್ಮೆಯ ಮಾತು ಮತ್ತೆ ಏಳಲಿಲ್ಲ. ತಾತ್ಯಾಸಾಹೇಬರು ನನ್ನ ಜಾಗಕ್ಕೆ ಬೇರೆಯವನನ್ನು ತೆಗೆದುಕೊಂಡರು. ನಾನು ಇನ್ನೊಬ್ಬ ವಕೀಲರ ಹತ್ತಿರ ಕೆಳಗಿನ ಕಾರಕೂನನ ಗಾದಿಯಲ್ಲಿ ಕುಳಿತು ಉಳಿದ ವರ್ಷ ಕಳೆದೆ. ಕಾದಂಬರಿ ಅಚ್ಚಾಗಲಿಲ್ಲ. ಧಾರವಾಡದಿಂದ ಒಬ್ಬ ಮುದ್ರಕರು ಇದು ಯಾವ ಭಾಷೆ ಎಂದು ಕೇಳಿ ತಿರುಗಿ ಕಳಿಸಿದರು. ಪುಣೆಯ ಒಬ್ಬರು ಅಕ್ಷರ ಸುಂದರವಾಗಿದೆ, ಅರ್ಥ ತಿಳಿಯಲಿಲ್ಲ ಎಂದು ಬರೆದರು. ಈಗ ಮೋಡಿ ಬಲ್ಲವರೇ ಕಡಿಮೆ. ನಾನು ಸತ್ತರೆ ಆ ವಹಿಗಳು ರದ್ದಿ. ಅದಕ್ಕೆ ಈಗ ನಾನೇ ಅದನ್ನು ಕನ್ನಡ ಅಕ್ಷರಕ್ಕೆ ಇಳಿಸುತ್ತಿದ್ದೇನೆ. ಕೈ ಇನ್ನೂ ಕುಂಟುತ್ತದೆ. ನಿನ್ನೆ ಎಮ್ಮೆಗಳು ಹೊಲಕ್ಕೆ ಬಂದವು.

ಆ ತರುಣನಿಗೆ ಹೇಳಬೇಕಾದದ್ದು ಇಷ್ಟೇ. ನಿನಗೆ ವೇಳೆಯನ್ನು ಯಾರೂ ಕೊಡುವುದಿಲ್ಲ. ಬೈಯುವವರಿಗಿಂತ ಮೆಚ್ಚುವವರು ಹೆಚ್ಚು ಕಸಿದುಕೊಳ್ಳುತ್ತಾರೆ. ನಾನು ಹನ್ನೊಂದು ವರ್ಷ ಕದ್ದದ್ದು ಎರಡೆರಡು ಸಾಲು. ಬಾಗಿಲು ಮುಚ್ಚಿದ ಎರಡು ವಾರದಲ್ಲಿ ಎರಡು ಅಧ್ಯಾಯ ಮುಗಿಯಿತು. ಆ ಬಾಗಿಲನ್ನು ಮೊದಲ ವರ್ಷವೇ ಮುಚ್ಚಬೇಕಿತ್ತು. ಈ ಸಿಟ್ಟು ನನ್ನ ಜೊತೆಗೇ ಹೋಗುತ್ತದೆ.

ಓಣಿಯವರಿಗೂ ಒಂದು ಮಾತು. ಮಧ್ಯಾಹ್ನ ಎರಡರಿಂದ ಐದರವರೆಗೆ ನನ್ನ ಬಾಗಿಲು ಬಡಿಯಬೇಡಿ. ಲಗ್ನಪತ್ರಿಕೆ ಇದ್ದರೂ ಬೇಡ, ಆಕಳು ಸತ್ತಿದ್ದರೂ ಬೇಡ. ಆ ಹೊತ್ತಿನಲ್ಲಿ ನನಗೂ ನೆಗಡಿ ಬಂದು ಕಿವಿ ಮುಚ್ಚಿರುತ್ತವೆ.